ಅಜ್ಜಿ ಓದದ ಕಲ್ಲು

ಅರಬ್ಬೀ ಸಮುದ್ರದ ತಳದಲ್ಲಿ ಹರಿಯುವ ಹೊಳೆಯೊಂದನ್ನು ನಾನು ಮೂರು ದಿನ ಒಂದೇ ಕೈಯಲ್ಲಿ ತಡೆದು ನಿಲ್ಲಿಸಿದ್ದೇನೆ. ಅದೂ ಎಡಗೈಯಲ್ಲಿ. ಬಲಗೈಯಲ್ಲಿ ಚಹಾದ ಲೋಟ ಇತ್ತು. ಒಂದು ತೊಟ್ಟೂ ಚೆಲ್ಲಲಿಲ್ಲ.

ನಂಬದಿದ್ದರೆ ನಷ್ಟ ನಿಮಗೇ. ನನ್ನ ಹೆಸರು ಭೋಜ ಕುಂದರ್. ಮೂಲ್ಕಿ ಅಳಿವೆಯ ಉತ್ತರಕ್ಕೆ ಯಾರನ್ನು ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ದಕ್ಷಿಣಕ್ಕೆ ಕೇಳಿದರೆ ‘ಬಂಡಲ್ ಭೋಜಣ್ಣನಾ?’ ಎಂದು ನಕ್ಕು ಆಮೇಲೆ ತೋರಿಸುತ್ತಾರೆ. ನಗಲಿ. ಬಸ್ಸಿನಷ್ಟು ದೊಡ್ಡ ಬಂಗುಡೆ ಮೀನು ಹಿಡಿದವನು ನಾನು. ನನಗೆ ಸಿಟ್ಟು ಬಂದರೆ ಬಂದರಿನಲ್ಲಿ ನಿಂತ ಹಡಗುಗಳು ತಮ್ಮ ಲಂಗರನ್ನು ತಾವೇ ಎತ್ತಿಕೊಂಡು ಹೊರಡುತ್ತವೆ. ಈ ಕಥೆ ಹೇಳುವಾಗ ನನಗೆ ಸಿಟ್ಟು ಬಂದೇ ಬರುತ್ತದೆ, ಆದ್ದರಿಂದ ಹಡಗಿನ ಕೆಲಸ ಇದ್ದವರು ಮೊದಲೇ ಮುಗಿಸಿಕೊಳ್ಳಿ.

ನೀಲತಳ ನಿಗಮ ನಮ್ಮ ಕರಾವಳಿಗೆ ಬಂದ ಕಾಲಕ್ಕೆ, ಆಕಾಶಕ್ಕೆ ಹೊಗೆ ಬಿಡುವುದು ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಹಾಗೆಂದು ಕಾರ್ಖಾನೆಗಳು ಹೊಗೆ ಉಗುಳುವುದನ್ನು ಬಿಟ್ಟವು ಎಂದುಕೊಂಡಿರಾ? ಚಿಮಣಿಯ ಬಾಯಿಗೆ ಕೊಳವೆ ಕಟ್ಟಿದರು. ಒಳಗಿನ ಇಂಗಾಲದ ಅನಿಲವನ್ನು ಹಿಂಡಿ ಹಿಂಡಿ ನೀರಿನಂತೆ ದ್ರವ ಮಾಡಿದರು. ಅದನ್ನು ಹಡಗಿಗೆ ತುಂಬಿ, ನಮ್ಮ ಕರಾವಳಿಗೂ ಲಕ್ಷದ್ವೀಪಕ್ಕೂ ನಡುವಿನ ಆಳದಲ್ಲಿ ಬಿಳಿದಿಬ್ಬ ಎಂಬ ಜಾಗಕ್ಕೆ ಪಂಪು ಹಾಕಿ ಇಳಿಸತೊಡಗಿದರು. ಆಕಾಶ ತೊಳೆದಿಟ್ಟಂತಾಯಿತು. ಸಮುದ್ರದ ತಳ ಯಾರಿಗೆ ಕಾಣುತ್ತದೆ? ಕಾಣದ ಕಡೆ ಕಸ ಹಾಕುವುದಕ್ಕೆ ದೊಡ್ಡ ವಿಜ್ಞಾನ ಬೇಕಾಗಿಲ್ಲ. ಆದರೆ ಹಾಕಿದ್ದು ಅಲ್ಲೇ ಇರುತ್ತದೆ ಎಂದು ಜನರನ್ನು ನಂಬಿಸುವುದಕ್ಕೆ ಬೇಕು. ಆ ವಿಜ್ಞಾನದ ಕೋಣೆಯಲ್ಲಿ ಗರಗಸ ಹಿಡಿದು ನಿಂತವನು ನಾನು.

ಸಮುದ್ರದ ತಳದ ಮಣ್ಣು ಎಂದರೆ ನಿಮ್ಮ ಹಿತ್ತಲಿನ ಮಣ್ಣಲ್ಲ. ಮೇಲಿನ ನೀರಿನಲ್ಲಿ ತೇಲುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳು ಸತ್ತ ಮೇಲೆ ಅವುಗಳ ಸುಣ್ಣದ ಚಿಪ್ಪುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಜರಡಿಯಿಂದ ಅಕ್ಕಿಹಿಟ್ಟು ಉದುರಿದ ಹಾಗೆ, ಲಕ್ಷಾಂತರ ವರ್ಷ. ತಳದ ನೀರು ಸುಮ್ಮನಿದ್ದರೆ ಹಿಟ್ಟು ಬಿದ್ದಲ್ಲೇ ಕೂರುತ್ತದೆ. ಆದರೆ ಸಮುದ್ರದ ತಳದಲ್ಲೂ ಹೊಳೆಗಳಿವೆ. ದಡವಿಲ್ಲ, ಸೇತುವೆಯಿಲ್ಲ, ಹೆಸರಿಲ್ಲ. ನೀರಿನೊಳಗೇ ಹರಿಯುವ ತಣ್ಣನೆಯ ನೀರು. ಅಂಥ ಹೊಳೆ ನುಣ್ಣನೆಯ ಹಿಟ್ಟನ್ನು ಹೊತ್ತುಕೊಂಡು ಹೋಗಿ, ತನ್ನ ಓಟ ಸೋಮಾರಿಯಾಗುವ ಮಗ್ಗುಲಲ್ಲಿ ಉದ್ದುದ್ದ ದಿಬ್ಬವಾಗಿ ಪೇರಿಸುತ್ತದೆ. ದಪ್ಪ ಚಿಪ್ಪುಗಳನ್ನು ಮಾತ್ರ ಹಿಂದೆ ಬಿಡುತ್ತದೆ. ಬಿಳಿದಿಬ್ಬ ಹುಟ್ಟಿದ್ದೇ ಹಾಗೆ. ಅದು ಹೊಳೆ ಕಟ್ಟಿದ ಗೋಡೆ. ಆ ಗೋಡೆಯ ಮೇಲೆಯೇ ನಿಂತುಕೊಂಡು ನಿಗಮದವರು, ಇಲ್ಲಿಯ ಹೊಳೆ ಸತ್ತು ಎಷ್ಟೋ ಲಕ್ಷ ವರ್ಷವಾಯಿತು, ಇನ್ನು ಏಳುವುದಿಲ್ಲ ಎಂದರು.

ಸಾಕ್ಷಿ ಹೇಳಿದವಳು ಅಜ್ಜಿ.

ಅಜ್ಜಿ ಎಂದರೆ ಯಂತ್ರ. ಅದಕ್ಕೆ ಸರಕಾರಿ ಹೆಸರೊಂದಿತ್ತು, ಉಚ್ಚರಿಸಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಹಳೆಯ ಕಥೆ ಹೇಳುವವಳಾದ್ದರಿಂದ ನಾವು ಅಜ್ಜಿ ಎಂದೆವು. ಬಸ್ಸಿನಷ್ಟು ಉದ್ದದ ಗಾಜಿನ ತೊಟ್ಟಿ, ತುಂಬ ನೀರು. ತಲೆಯ ಕಡೆ ಒಂದು ತಟ್ಟೆ. ಸಮುದ್ರದ ತಳದಿಂದ ತಂದ ಮಣ್ಣನ್ನು ಆ ತಟ್ಟೆಯಲ್ಲಿಟ್ಟರೆ ಅಜ್ಜಿಯ ಬೆಳಕು ಅದರ ಮೇಲೆ ಹರಿದು, ಪ್ರತಿಯೊಂದು ಚಿಪ್ಪಿನ ಗಾತ್ರವೆಷ್ಟು, ಅದು ಯಾವ ಕಡೆಗೆ ವಾಲಿ ಮಲಗಿದೆ ಎಂದು ನೋಡುತ್ತಿತ್ತು. ಅದರಿಂದ, ಆ ಚಿಪ್ಪು ಬಿದ್ದ ಕಾಲಕ್ಕೆ ತಳದ ಹೊಳೆ ಎಷ್ಟು ಜೋರಾಗಿತ್ತು ಎಂದು ಲೆಕ್ಕ ಹಾಕಿ, ತೊಟ್ಟಿಯ ನೀರನ್ನು ಹಾಗೆಯೇ ಹರಿಸುತ್ತಿತ್ತು. ಆಳದ ಹೊಳೆಗಳು ನಿಧಾನದವು. ಮನುಷ್ಯರ ಕೈಗೆ ತಿಳಿಯಲೆಂದು ಓಟವನ್ನು ಹತ್ತು ಪಟ್ಟು ಮಾಡಿ ತೋರಿಸುತ್ತಿತ್ತು. ಆನೆ ಹುಟ್ಟುವುದಕ್ಕೂ ಮೊದಲಿನ ಹೊಳೆಯೊಂದರಲ್ಲಿ ನೀವು ಮೊಣಕೈವರೆಗೆ ಕೈ ಅದ್ದಿ, ಟವೆಲಿನಲ್ಲಿ ಒರೆಸಿಕೊಂಡು ಮನೆಗೆ ಹೋಗಬಹುದಾಗಿತ್ತು.

ಅಜ್ಜಿಗೆ ಮಣ್ಣು ಉಣ್ಣಿಸುವ ಕೆಲಸ ನನ್ನದು. ಹಡಗಿನಿಂದ ಮಣ್ಣು ಬರುವುದು ಉದ್ದ ಕೊಳವೆಯಲ್ಲಿ, ಕೊಳವೆ ಪುಟ್ಟಿನ ಹಾಗೆ: ತೆಂಗಿನ ತುರಿ ಒಂದು ಪದರ, ಹಿಟ್ಟು ಒಂದು ಪದರ. ನಾವು ಅದನ್ನು ಕೋರ್ ಎನ್ನುತ್ತೇವೆ. ಉದ್ದಕ್ಕೆ ಸೀಳಿದರೆ ಎರಡು ಪಾಲು. ಒಂದು ಅಜ್ಜಿಯ ತಟ್ಟೆಗೆ, ಇನ್ನೊಂದು ಶೀತಲ ಕೋಣೆಗೆ, ಮುಂದೆ ಯಾರಾದರೂ ಕೇಳಿದರೆ ಎಂದು. ಜಗತ್ತಿನಲ್ಲಿ ನನ್ನಷ್ಟು ನೇರವಾಗಿ ಕೋರ್ ಸೀಳುವವನು ಇನ್ನೊಬ್ಬನಿಲ್ಲ. ಜಪಾನಿನವರು ನನ್ನ ಕೈಯ ಅಚ್ಚು ಕೇಳಿದ್ದರು, ನಾನೇ ಕೊಡಲಿಲ್ಲ.

ಬಿಳಿದಿಬ್ಬದ ಕೋರ್‌ಗಳಲ್ಲಿ ಒಂದು ಕಾಟ ಇತ್ತು. ಬೆಣ್ಣೆಯಂಥ ಬಿಳಿ ಮಣ್ಣಿನ ನಡುವೆ ಅಲ್ಲಲ್ಲಿ ಕಂದು ಬಣ್ಣದ ಗಟ್ಟಿ ಗೆರೆ, ಬೆರಳಿನ ದಪ್ಪದ ಕಲ್ಲು. ಗರಗಸ ಅದಕ್ಕೆ ತಾಗಿದರೆ ಹಲ್ಲು ಮುರಿಯುತ್ತಿತ್ತು. ಅಲಗು ಹೊರದೇಶದ್ದು. ಹಾಗಾಗಿ ನಮ್ಮ ಪದ್ಧತಿ ಏನೆಂದರೆ, ಮೊದಲು ತಟ್ಟಿ ನೋಡಿ ಗಟ್ಟಿ ಇದ್ದಲ್ಲಿ ಕಲ್ಲನ್ನು ಚಾಣದಿಂದ ಎಬ್ಬಿಸಿ ಕಚಡದ ಬಕೆಟಿಗೆ ಎಸೆಯುವುದು. ಅಜ್ಜಿಗೆ ಹೋಗುವ ಪಾಲಿನಲ್ಲಿ ಮೇಲಿನ ಮಣ್ಣನ್ನೂ ಕೆಳಗಿನ ಮಣ್ಣನ್ನೂ ಒತ್ತಿ ಕೂಡಿಸಿ, ಬೆಳಕು ಎಡವದಂತೆ ನಯ ಮಾಡುವುದು. ಶೀತಲ ಕೋಣೆಯ ಪಾಲಿನಲ್ಲಿ ಆ ಕುಳಿಗೆ ಸ್ಪಂಜು ತುರುಕುವುದು. ಎಲ್ಲರೂ ಹಾಗೇ ಮಾಡುತ್ತಿದ್ದೆವು. ಬಕೆಟಿನ ಕಲ್ಲುಗಳು ಕಚೇರಿಯ ಹೂಗಿಡಗಳ ಬುಡಕ್ಕೆ ಅಂಚಾಗಿದ್ದವು, ಬಾಗಿಲಿಗೆ ತಡೆಯಾಗಿದ್ದವು. ಒಂದನ್ನು ನಾನು ಮನೆಗೆ ತಂದೆ.

ಮನೆ ಎಂದರೆ ಹೆಂಡತಿ ಜಲಜಾಕ್ಷಿಯ ಮನೆ. ನಮ್ಮಲ್ಲಿ ಗಂಡ ಹೋಗಿ ಸೇರಿಕೊಳ್ಳುವುದುಂಟು, ನಾನು ಸೇರಿಕೊಂಡೆ. ಅವಳು ಅಳಿವೆಯಲ್ಲಿ ಮರುವಾಯಿ ಹೆಕ್ಕುವ ಹೆಂಗಸರ ಸಂಘದ ಅಧ್ಯಕ್ಷೆ. ನೀರು ಇಳಿದಾಗ ಸೊಂಟದ ಮಟ್ಟ ನಿಂತು, ಕಾಲಿನಿಂದ ಕೆದಕಿ, ಆ ಚಿಪ್ಪುಮೀನನ್ನು ಬುಟ್ಟಿಗೆ ತುಂಬುವ ಕೆಲಸ. ಊರಿನ ಅರ್ಧ ಅಡುಗೆಮನೆ ಅದರಿಂದ ನಡೆಯುತ್ತದೆ. ಅವಳು ಬೈದರೆ ತುಳುವಿನಲ್ಲಿ ಬೈಯುವುದು. ಕನ್ನಡಕ್ಕೆ ತಂದರೆ ಅರ್ಧ ಖಾರ ದಾರಿಯಲ್ಲೇ ಸೋರಿಹೋಗುತ್ತದೆ, ಆದರೂ ತರುತ್ತೇನೆ.

ಆ ವರ್ಷ ಭರಣಿಯಲ್ಲಿ ಮಾವಿನ ಮಿಡಿಯನ್ನು ಉಪ್ಪುನೀರಿಗೆ ಹಾಕಿ, ಮೇಲೆ ಒತ್ತಿಡಲು ಕಲ್ಲು ಬೇಕೆಂದಳು. ಇದು ಚಂದ್ರನಿಂದ ಬಂದ ಕಲ್ಲು, ಮಿಡಿ ನೂರು ವರ್ಷ ಕೆಡುವುದಿಲ್ಲ ಎಂದು ನಾನು ಕೊಟ್ಟೆ. ಒಂದು ಭಾನುವಾರ ಭರಣಿಯ ಬಟ್ಟೆ ಬಿಚ್ಚಿದವಳು ನನ್ನನ್ನು ಕರೆದಳು. ನೀರು ಬುಸುಬುಸು ಗುಳ್ಳೆ ಬಿಡುತ್ತಿತ್ತು. ಮೇಲೆ ಬಿಳಿ ನೊರೆ. ಮಿಡಿಯ ಹುಳಿಯೆಲ್ಲ ಹೋಗಿ ಸುಣ್ಣ ನೆಕ್ಕಿದ ರುಚಿ.

“ಎಂತ ಇದು, ಸೋಡಾ ಮಾಡ್ಲಿಕ್ಕೆ ತಂದದ್ದಾ ನೀವು? ಒಂದು ಭರಣಿ ಮಿಡಿ ಹೋಯ್ತಲ್ಲ. ನಿಮ್ಮ ಚಂದ್ರನನ್ನು ಒಲೆಗೆ ಹಾಕ್ಬೇಕು.”

ಕಲ್ಲನ್ನು ತೆಗೆದು ನನ್ನ ಕೈಗೆ ಕುಕ್ಕಿದಳು. ನಾನು ಅದನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಉಪ್ಪುನೀರಿನ ಹುಳಿ ಕಲ್ಲಿನ ಮೇಲಿನ ಕಂದು ಸಿಪ್ಪೆಯನ್ನು ಅಲ್ಲಲ್ಲಿ ತಿಂದುಬಿಟ್ಟಿತ್ತು. ಅದರ ಕೆಳಗೆ ಚಿಪ್ಪುಗಳು ಕಾಣುತ್ತಿದ್ದವು. ದಪ್ಪ ದಪ್ಪ ಚಿಪ್ಪುಗಳು, ಎಲ್ಲವೂ ಒಂದೇ ಕಡೆಗೆ ವಾಲಿ, ಒಂದರ ಮೇಲೊಂದು ಮನೆಯ ಮಾಡಿನ ಹಂಚಿನ ಹಾಗೆ. ಮಣ್ಣು ಸೀಳುತ್ತ ತಲೆ ಬೆಳ್ಳಗಾದವನು ನಾನು. ಹೊಳೆ ಅಷ್ಟು ಒರಟಾಗಿ ಜೋಡಿಸಿದ ಚಿಪ್ಪನ್ನು ಅದುವರೆಗೆ ನೋಡಿರಲಿಲ್ಲ. ನುಣ್ಣನೆಯ ಮಣ್ಣು ಒಂದು ಚಿಟಿಕೆಯೂ ಇರಲಿಲ್ಲ. ಎಲ್ಲ ಗುಡಿಸಿಹೋಗಿತ್ತು.

ಆಗ ತಿಳಿಯಿತು. ಅಜ್ಜಿ ಓದುವುದು ಹೊಳೆ ಬಿಟ್ಟುಹೋದ ಮಣ್ಣನ್ನು. ಹೊಳೆ ನಿಜವಾಗಿ ರೊಚ್ಚಿಗೆದ್ದಾಗ ಏನನ್ನೂ ಬಿಟ್ಟುಹೋಗುವುದಿಲ್ಲ. ಹಿಂದೆ ಬಿದ್ದದ್ದನ್ನೂ ಕೆರೆದು ಒಯ್ಯುತ್ತದೆ. ಬೋಳಾದ ನೆಲ ಹಾಗೆಯೇ ಬಿದ್ದುಕೊಂಡು ಗಟ್ಟಿಯಾಗಿ ಕಂದುಗಟ್ಟುತ್ತದೆ. ಆ ಬೆರಳಿನ ದಪ್ಪದ ಗೆರೆಯಲ್ಲಿ ಲಕ್ಷ ವರ್ಷದ ಕೋಪ ಇದೆ. ಅದನ್ನೇ ನಾವು ಚಾಣದಿಂದ ಎಬ್ಬಿಸಿ ಬಕೆಟಿಗೆ ಹಾಕಿ, ಎರಡೂ ಕಡೆಯ ಸಾಧು ಮಣ್ಣನ್ನು ಒತ್ತಿ ಕೂಡಿಸಿ, ನೋಡಿ ಎಷ್ಟು ಶಾಂತ ಎಂದು ಅಜ್ಜಿಯ ಬಾಯಲ್ಲಿ ಹೇಳಿಸುತ್ತಿದ್ದೆವು. ಮತ್ತು ಅಂಥ ಗೆರೆ ಒಂದೇ ಅಲ್ಲ. ಒಂದು ಕೋರಿನಲ್ಲಿ ನೂರಾರು ಇದ್ದವು. ಅಂದರೆ ಆ ಹೊಳೆ ಸಾಯುವ ಜಾತಿಯದಲ್ಲ. ಮಲಗುತ್ತದೆ, ಏಳುತ್ತದೆ, ಮತ್ತೆ ಮಲಗುತ್ತದೆ.

ಜಲಜಳಿಗೆ ಇಷ್ಟೆಲ್ಲ ಹೇಳಿದೆ. ನಿಗಮದವರು ಇಳಿಸುವ ದ್ರವ ನೀರಿಗೆ ಬೆರೆತರೆ ನೀರು ಹುಳಿಯಾಗುತ್ತದೆ. ಸುಣ್ಣದ ಮಣ್ಣು ಆ ಹುಳಿಯನ್ನು ಕುಡಿದು ಅಲ್ಲೇ ಅರಗಿಸುತ್ತದೆ, ನೀರು ಅಲುಗಾಡದಿದ್ದರೆ ಸಾವಿರ ವರ್ಷ ಹೊರಗೆ ಬರುವುದಿಲ್ಲ, ಇದು ಅವರ ಲೆಕ್ಕ. ನೀರು ಅಲುಗಾಡಿದರೆ? ಅವಳು ಭರಣಿಯ ಕಡೆ ನೋಡಿದಳು. ಮಳೆಗಾಲದಲ್ಲಿ ಅಡಿಯ ತಣ್ಣೀರು ಎದ್ದು ದಡಕ್ಕೆ ಬರುವುದು ನಮ್ಮವರಿಗೆಲ್ಲ ಗೊತ್ತು. ಆ ನೀರಿನ ವಾಸನೆಯೇ ಬೇರೆ.

“ಹಾಗಾದ್ರೆ ಈ ಭರಣಿಯಲ್ಲಿ ಕಲ್ಲಿಗೆ ಆದದ್ದು ಅಳಿವೆಯಲ್ಲಿ ಮರುವಾಯಿ ಚಿಪ್ಪಿಗೆ ಆಗ್ತದೆ,” ಎಂದಳು. “ಸಣ್ಣ ಮರಿಗಳಿಗೆ ಮೊದಲು. ಚಿಪ್ಪೇ ಕಟ್ಟುವುದಿಲ್ಲ.”

ನಾನು ಹೌದೆಂದೆ. ಅವಳು ಆ ಮಿಡಿಯನ್ನೆಲ್ಲ ಹಿತ್ತಲಿಗೆ ಚೆಲ್ಲಿ ಬಂದಳು. ಮತ್ತೆ ಬೈಯಲಿಲ್ಲ. ಅವಳು ಬೈಯದಿದ್ದಾಗ ನನಗೆ ಹೆದರಿಕೆ ಜಾಸ್ತಿ.

ಮರುದಿನ ನಿರ್ದೇಶಕ ಡಾಕ್ಟರ್ ಹಂಪಿಹೊಳಿಯವರ ಕೋಣೆಗೆ ನುಗ್ಗಿದೆ. ಧಾರವಾಡ ಕಡೆಯವರು, ಬಿಳಿ ಅಂಗಿ, ಸಣ್ಣ ದನಿ. ನಾನು ಮೇಜಿನ ಮೇಲೆ ಗುದ್ದಿದ ಗುದ್ದಿಗೆ ಮೇಜು ಎರಡು ಸೀಳಾಯಿತು, ಗೋಡೆಯ ಮೇಲಿನ ನಿಗಮದ ಫಲಕ ಕೆಳಗೆ ಬಿತ್ತು. ಕಂದು ಗೆರೆಯ ವಿಷಯ ಹೇಳಿದೆ. ಅಜ್ಜಿಗೆ ಕಲ್ಲನ್ನೂ ಓದಿಸಬೇಕು, ಸೀಳಬೇಕೆಂದೇನೂ ಇಲ್ಲ, ಇಡಿಯಾಗಿ ತಟ್ಟೆಯಲ್ಲಿಟ್ಟರೆ ಬೆಳಕು ಓದುತ್ತದೆ, ಯಾರೂ ಇಟ್ಟು ನೋಡಿಲ್ಲ ಅಷ್ಟೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಕುಂದರ್, ಇಲ್ಲದ ಮಣ್ಣನ್ನ ಹೆಂಗ ಓದೂದು? ಇದ್ದದ್ದನ್ನ ಓದ್ಲಿಕ್ಕೆ ನಿಮಗ ಪಗಾರ ಕೊಡ್ತೀವಿ. ಹ್ವಾದ ತಿಂಗಳ ನೀವು ಬಸ್ಸಿನಷ್ಟು ಬಂಗುಡಿ ಹಿಡದಿದ್ರಿ. ಈಗ ಹೊಳಿ ಹಿಡದೀರಿ. ನಿಮ್ಮ ಮಾತು ಕೇಳಿ ನಾ ಪಂಪ್ ಬಂದ್ ಮಾಡ್ಲೇನು?”

ಹೀಗೆಂದು ಅವರು ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ. ಬಂಗುಡೆಯ ವಿಷಯವನ್ನು ಚಹಾದ ಹೊತ್ತಿಗೆ ಕೂರಿಸಿ ಕೂರಿಸಿ ಹೇಳಿಸಿಕೊಂಡು ನಕ್ಕವರು ಅವರೇ. ಅದನ್ನೇ ತೆಗೆದು ನನ್ನ ಬಾಯಿಗೆ ಬೀಗ ಮಾಡಿ ಹಾಕಿದರು. ಅಂದಿನಿಂದ ಗರಗಸದ ಕೋಣೆಗೆ ನಾನೇ ಹೋಗುವುದನ್ನು ಬಿಟ್ಟೆ. ತಂತ್ರ. ಕಚೇರಿಯ ತುಂಬ ಎಲ್ಲೆಂದರಲ್ಲಿ ಓಡಾಡಬಹುದಾದ, ಯಾರೂ ಅನುಮಾನ ಪಡದ, ದೊಡ್ಡವರ ಮಾತು ಕಿವಿಗೆ ಬೀಳುವಂಥ ಒಂದು ಗುಪ್ತ ಹುದ್ದೆಯನ್ನು ಆರಿಸಿಕೊಂಡೆ. ಅದು ಯಾವುದೆಂದು ಕೇಳಬೇಡಿ.

ಊರಿನಲ್ಲಿ ಗೊಣಗಾಟ ಏಳುವುದನ್ನು ಕಂಡು ನಿಗಮದವರು ಮುಟ್ಟುವ ಹಬ್ಬವೊಂದನ್ನು ಇಟ್ಟುಕೊಂಡರು. ಕರಾವಳಿಯ ಜನ ಬರಬೇಕು, ಬಿಳಿದಿಬ್ಬದ ಮಣ್ಣನ್ನು ತಾವೇ ತಟ್ಟೆಯಲ್ಲಿಡಬೇಕು, ತೊಟ್ಟಿಯಲ್ಲಿ ಕೈ ಅದ್ದಿ ಆ ಶಾಂತ ನೀರನ್ನು ತಾವೇ ಮುಟ್ಟಿ ನೋಡಬೇಕು. ಬಂದವರಿಗೆಲ್ಲ ಕೊಡೆ, ಊಟಕ್ಕೆ ಹೋಳಿಗೆ. ಮೋಸ ಮಾಡುವುದಾದರೆ ಕಿವಿಗೆ ಮಾಡಿ, ಕಣ್ಣಿಗೆ ಮಾಡಿ. ಇವರು ಕೈಗೆ ಮಾಡಲು ಹೊರಟರು. ದಿನವಿಡೀ ಬಲೆ ಎಳೆದು ನೀರಿನ ಸೆಳೆತ ಯಾವ ಕಡೆಗಿದೆ ಎಂದು ಬೆರಳಿನಲ್ಲೇ ಹೇಳುವ ಜನ ಸಾಲಾಗಿ ನಿಂತು, ಅಂಗಿಯ ತೋಳು ಮಡಚಿ, ಆ ತೊಟ್ಟಿಯಲ್ಲಿ ಕೈ ಇಟ್ಟು, ಹೌದು ಮಾರಾಯ್ರೆ, ಏನೂ ಇಲ್ಲ, ಕೆರೆಯ ಹಾಗೆ ಉಂಟು ಎಂದು ತಲೆಯಾಡಿಸುತ್ತ ಕೊಡೆ ಹಿಡಿದು ಹೋಗುತ್ತಿದ್ದರು. ನಿಗಮದವರು ಅವರ ಕೈಯನ್ನೇ ಅವರ ವಿರುದ್ಧ ಸಾಕ್ಷಿಗೆ ನಿಲ್ಲಿಸಿದ್ದರು.

ಆಗ ನಾನು ಸೊಂಟದಲ್ಲಿ ಅಡಗಿಸಿಟ್ಟುಕೊಂಡಿದ್ದ ಕಲ್ಲನ್ನು ತೆಗೆದೆ. ಕಾವಲಿನವರು ಹತ್ತು ಮಂದಿ ಮೇಲೆ ಬಿದ್ದರು, ಕೊಡವಿದೆ. ಒಂದೇ ನೆಗೆತಕ್ಕೆ ತಟ್ಟೆಯ ಹತ್ತಿರ ಹಾರಿ ಕಲ್ಲನ್ನು ಇಟ್ಟೆ. ಅಜ್ಜಿಯ ಬೆಳಕು ಅದರ ಮೇಲೆ ಒಮ್ಮೆ ಹೋಯಿತು, ನಿಂತಿತು, ಹಿಂದಕ್ಕೆ ಬಂದು ಮತ್ತೊಮ್ಮೆ ಹೋಯಿತು. ಮುದುಕಿಯರು ಮರೆತ ಹೆಸರನ್ನು ನೆನಪು ಮಾಡಿಕೊಳ್ಳುವ ಹಾಗೆ. ಆಮೇಲೆ ತೊಟ್ಟಿ ಗುಡುಗಿತು. ನೀರು ಬಿಲ್ಲಿನಂತೆ ಬಾಗಿ ಎದ್ದಿತು. ಗಾಜು ಚೂರುಚೂರಾಯಿತು. ಹಂಪಿಹೊಳಿಯವರು ಕುರ್ಚಿಸಮೇತ ತೇಲಿಕೊಂಡು ಗೇಟಿನಾಚೆ ಹೆದ್ದಾರಿಗೆ ಹೋದರು. ಜನ ಕೊಚ್ಚಿಹೋಗುತ್ತಾರೆಂದು ಕಂಡ ನಾನು ಎಡಗೈಯನ್ನು ಆ ಹೊಳೆಗೆ ಅಡ್ಡ ಇಟ್ಟೆ. ಅದು ನಿಂತಿತು. ಮೂರು ದಿನ ಹಾಗೆಯೇ ಹಿಡಿದು ನಿಂತಿದ್ದೆ. ಅಷ್ಟು ಹೊತ್ತೂ ನಿಗಮದ ಪಂಪು ಒಂದು ಹನಿ ಇಳಿಸಲಿಲ್ಲ. ಬಲಗೈಯಲ್ಲಿ ಚಹಾ ಇತ್ತು ಎಂದು ಹೇಳಿದೆನಲ್ಲ.

ಇದನ್ನು ನಾನು ಹೋಟೆಲಿನಲ್ಲಿ ಹೇಳಿದೆ, ಮದುವೆಮನೆಗಳಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಹೇಳಿದೆ. ಹಾಗೆಯೇ ವಿಚಾರಣೆಯಲ್ಲೂ ಹೇಳಿದೆ.

ಹಬ್ಬದ ದಿನ ಆದದ್ದರ ಬಗ್ಗೆ ವಿಚಾರಣೆ ನಡೆದದ್ದು ತಾಲೂಕಿನ ಸಭಾಭವನದಲ್ಲಿ, ಮಳೆ ಹಿಡಿಯಲು ಇನ್ನು ಕೆಲವೇ ವಾರ ಇರುವಾಗ. ಸರಕಾರ ಕಳಿಸಿದ ಅಧಿಕಾರಿ ಬೊಳ್ಳಮ್ಮ ಎಂಬವರು, ಕೊಡಗಿನವರು, ನರೆಗೂದಲು, ಮಾತಿಗೆ ಅವಸರವಿಲ್ಲ. ಕೇಳಬೇಕಾದದ್ದು ಒಂದೇ ಪ್ರಶ್ನೆ: ಶೀತಲ ಕೋಣೆಯನ್ನು ತೆರೆಸಬೇಕೇ ಬೇಡವೇ? ಆ ಕಲ್ಲು ನಿಜವಾಗಿ ಬಿಳಿದಿಬ್ಬದ್ದಾದರೆ, ಸ್ಪಂಜು ತುಂಬಿದ ಕುಳಿಗಳಲ್ಲಿ ಯಾವುದಾದರೂ ಒಂದಕ್ಕೆ ಅದು ಸರಿಯಾಗಿ ಕೂರುತ್ತದೆ. ಕೂತರೆ ಪಂಪು ನಿಲ್ಲಬೇಕು. ನಿಗಮದ ವಕೀಲರು ಕಲ್ಲು ಎಲ್ಲಿಯದೋ, ಹೊಳೆಬದಿಯಲ್ಲಿ ಹೆಕ್ಕಿದ್ದಿರಬಹುದು ಎಂದರು. ಅದು ಬಿಳಿದಿಬ್ಬದ್ದು ಎಂದು ಹೇಳಬಲ್ಲವನು ಅದನ್ನು ಎಬ್ಬಿಸಿದ ನಾನು ಒಬ್ಬನೇ.

ನಾನು ಸಭೆಯ ನಡುವೆ ನಿಂತು ಅರಬ್ಬೀ ಸಮುದ್ರದಿಂದ ಶುರು ಮಾಡಿದೆ. ಎಡಗೈ, ಮೂರು ದಿನ, ಹತ್ತು ಕಾವಲಿನವರು, ಗೇಟಿನಾಚೆಯ ಹೆದ್ದಾರಿ. ಜನ ನಕ್ಕರು. ನಗಿಸುವುದು ನನಗೆ ಅಭ್ಯಾಸ. ನಗು ಬಂದಷ್ಟೂ ನಾನು ಇನ್ನೊಂದು ಹಿಡಿ ಸೇರಿಸಿದೆ. ಬೊಳ್ಳಮ್ಮನವರ ಪೆನ್ನು ಮುಚ್ಚಳ ಹಾಕಿಕೊಂಡು ಮೇಜಿನ ಮೇಲೆ ಮಲಗಿತ್ತು. ವಕೀಲರು ಎದ್ದು, ಬಹಳ ಮರ್ಯಾದೆಯಿಂದ, ಬಂಗುಡೆಯ ವಿಷಯ ಕೇಳಿದರು. ಬಸ್ಸಿನಷ್ಟೇ ಇತ್ತೇ, ಅಥವಾ ಲಾರಿಯಷ್ಟೇ? ಇನ್ನೊಮ್ಮೆ ನಗು. ಆ ಕಡೆ ಸಾಲಿನಲ್ಲಿ ಹಂಪಿಹೊಳಿಯವರು ಕನ್ನಡಕ ಒರೆಸುತ್ತ ಕೂತಿದ್ದರು, ಬಹಳ ನೆಮ್ಮದಿಯಿಂದ.

ಅವರ ಆ ನೆಮ್ಮದಿ ಕಂಡಾಗ, ಸೇರಿಸಲು ಹೊರಟಿದ್ದ ಇನ್ನೊಂದು ಹಿಡಿಯನ್ನು ನಾನು ಮೊದಲ ಸಲ ಅಲ್ಲೇ ಬಿಟ್ಟೆ.

ಹಿಂದಿನ ಸಾಲಿನಿಂದ ಜಲಜ ಎದ್ದು ನಿಂತದ್ದು ಕುರ್ಚಿಯ ಸದ್ದಿನಿಂದಲೇ ಗೊತ್ತಾಯಿತು.

“ಮೇಡಂ, ಕಲ್ಲು ಇಟ್ಟದ್ದು ನಾನು. ಇವರಲ್ಲ. ಹೋಳಿಗೆ ತಿನ್ಲಿಕ್ಕೆ ಬನ್ನಿ ಅಂತ ನನ್ನನ್ನೂ ಕರೆದಿದ್ರು. ಮಣ್ಣು ನೀವೇ ಇಡಿ ಅಂದ್ರು, ನಾನು ನನ್ನ ಚೀಲದಲ್ಲಿದ್ದದ್ದನ್ನು ಇಟ್ಟೆ. ಯಾರೂ ಮೇಲೆ ಬೀಳ್ಲಿಲ್ಲ. ಕಾವಲಿಗೆ ಇದ್ದದ್ದು ಒಬ್ಬ, ಅವನೂ ಊಟಕ್ಕೆ ಹೋಗಿದ್ದ.” ಮತ್ತೆ ನನ್ನ ಬೆನ್ನಿಗೆ ಹೇಳಿದಳು. “ಇವತ್ತೊಂದು ದಿನ ಸರಿಯಾಗಿ ಮಾತಾಡಿ. ಮರುವಾಯಿ ಹೋದ ಮೇಲೆ ನಿಮ್ಮ ಬಂಡಲನ್ನು ಬೇಯಿಸಿ ತಿನ್ಲಿಕ್ಕೆ ಆಗ್ತದಾ?”

ಯಾರೂ ನಗಲಿಲ್ಲ. ಬೊಳ್ಳಮ್ಮನವರು ನನ್ನ ಕಡೆ ತಿರುಗಿ, ಇವರು ಹೇಳುವುದು ಹೌದೇ ಎಂದು ಕೇಳಿದರು. ಹೌದೆಂದೆ. ತೊಟ್ಟಿ ಒಡೆಯಿತೇ ಎಂದರು. ಇಲ್ಲ, ಗಾಜಿನಲ್ಲಿ ಒಂದು ಬಿರುಕು ಬಂತು, ನೆಲದ ಮೇಲೆ ಪಾದ ಮುಳುಗುವಷ್ಟು ನೀರು ಚೆಲ್ಲಿತು, ಹಂಪಿಹೊಳಿಯವರ ಚಪ್ಪಲಿ ಒದ್ದೆಯಾಯಿತು ಎಂದೆ. ಕಂದು ಗೆರೆ ನೂರಾರು? ನಾನು ಸೀಳಿದ ಕೋರಿನಲ್ಲಿ ಏಳು. ಏಳೇ. ಈ ಕಲ್ಲು ಮೇಲಿನಿಂದ ಎರಡನೆಯದು, ಅದರ ಒಂದು ಅಂಚಿನಲ್ಲಿ ನನ್ನ ಗರಗಸದ ಹಲ್ಲು ಮುರಿದ ಗುರುತು ಇದೆ, ಆ ಗುರುತಿನ ಇನ್ನರ್ಧ ಶೀತಲ ಕೋಣೆಯಲ್ಲಿರುವ ಕೊಳವೆಯ ಮೇಲೆ ಇರಬೇಕು.

“ಮೂರು ದಿನ?”

“ಮೂರು ದಿನ ನಿಂತದ್ದು ಹೊಳೆಯಲ್ಲ ಮೇಡಂ, ಅವರ ಪಂಪು. ಜನ ಗಲಾಟೆ ಮಾಡ್ತಾರೆ ಅಂತ ನಿಲ್ಲಿಸಿದ್ರು. ನಾಲ್ಕನೇ ದಿನ ಶುರು ಮಾಡಿದ್ರು. ನಾನು ಇಲ್ಲಿ ನಿಂತು ಮಾತಾಡುವಾಗಲೂ ಓಡ್ತಾ ಉಂಟು.”

ಅವರು ನನ್ನ ಎಡಗೈಯನ್ನು ನೋಡಿದರು. ಮಣಿಗಂಟು ಸೊಟ್ಟಗೆ ಕೂಡಿಕೊಂಡಿದೆ. ನಾನು ಅಂಗಿಯ ತೋಳು ಉದ್ದ ಇಟ್ಟುಕೊಳ್ಳುವುದು ಅದಕ್ಕೇ. ಜನರನ್ನು ಉಳಿಸಲು ಅಡ್ಡ ಇಟ್ಟಿರೇ ಎಂದು ಕೇಳಿದರು. ಬಾಯಲ್ಲಿ ಹೌದು ಎಂಬುದು ಸಿದ್ಧವಾಗಿಯೇ ಇತ್ತು.

“ಅಲ್ಲ,” ಎಂದೆ. “ಮುಟ್ಟಿ ನೋಡ್ಲಿಕ್ಕೆ ಇಟ್ಟದ್ದು. ಇಷ್ಟು ವರ್ಷ ಆ ಕಲ್ಲುಗಳನ್ನು ಬಕೆಟಿಗೆ ಹಾಕಿದವ ನಾನು. ಅದು ಎಂಥ ಹೊಳೆ ಅಂತ ನನಗೇ ಗೊತ್ತಿರ್ಲಿಲ್ಲ. ಇಟ್ಟ ಕೂಡ್ಲೇ ಕೈಯನ್ನು ಎಳ್ಕೊಂಡು ಹೋಗಿ ಆ ತುದಿಯ ಕಬ್ಬಿಣದ ಜಾಲರಿಗೆ ಬಡೀತು. ಮುರಿದ ಶಬ್ದ ನನಗೇ ಕೇಳಿತು.”

ಸಭೆಯಲ್ಲಿ ಮೀನುಗಾರರೂ ಇದ್ದರು. ತೊಟ್ಟಿಯಲ್ಲಿ ಕೈ ಅದ್ದಿ ಕೊಡೆ ಹಿಡಿದು ಹೋದವರೇ. ಅವರು ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು.

ವಕೀಲರಿಗೆ ಇದು ಹಿಡಿಸಲಿಲ್ಲ. ಎದ್ದು ನಿಂತು, ಗರಗಸದ ಕೋಣೆಯಿಂದ ಈ ಮನುಷ್ಯನನ್ನು ಮೊದಲೇ ಬೇರೆ ಕೆಲಸಕ್ಕೆ ಹಾಕಲಾಗಿತ್ತು, ಆ ದ್ವೇಷಕ್ಕೆ ಗಂಡ ಹೆಂಡತಿ ಕೂಡಿ ನಾಟಕ ಹೂಡಿದ್ದಾರೆ ಎಂದರು. ಅಷ್ಟರವರೆಗೆ ನಾನು ತಡೆದುಕೊಂಡಿದ್ದ ಸಿಟ್ಟು ಆಗ ಬಂತು. ಆದರೆ ವಿಚಿತ್ರ, ಅದು ದನಿಯಲ್ಲಿ ಬರಲಿಲ್ಲ. ಬಂದರಿನ ಯಾವ ಹಡಗೂ ಅಲುಗಲಿಲ್ಲ. ಮೇಜಿನ ಮೇಲೆ ಹಂಪಿಹೊಳಿಯವರ ಕೋಣೆಯಲ್ಲಿ ಅವತ್ತೂ ಗುದ್ದಿರಲಿಲ್ಲ, ಇವತ್ತೂ ಗುದ್ದಲಿಲ್ಲ.

ಬೊಳ್ಳಮ್ಮನವರು ಕೇಳಿದರು. “ಬಲಗೈಯಲ್ಲಿ ಚಹಾ ಇತ್ತು ಎಂದಿರಿ. ಅದಾದರೂ ನಿಜವೇ?”

“ನಿಜ.”

“ಕೈ ಮುರಿದರೂ ಚೆಲ್ಲಲಿಲ್ಲವೇ?”

“ಚೆಲ್ಲಲಿಲ್ಲ.”

“ಯಾಕೆ?”

ಈ ಪ್ರಶ್ನೆಯನ್ನು ಹೋಟೆಲಿನಲ್ಲಿ, ಮದುವೆಮನೆಯಲ್ಲಿ, ಕ್ಷೌರದಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರೂ ನಕ್ಕು ಮುಂದಿನದಕ್ಕೆ ಹೋಗುತ್ತಿದ್ದರು. ನಾನು ಹಂಪಿಹೊಳಿಯವರ ಕಡೆ ನೋಡಲಿಲ್ಲ. ನೋಡಿದ್ದರೆ ಇನ್ನೊಂದು ಸುಳ್ಳು ಹುಟ್ಟುತ್ತಿತ್ತು.

“ಚಹಾ ನನ್ನದಲ್ಲ ಮೇಡಂ. ಸಾಹೇಬರದ್ದು. ಕಂದು ಗೆರೆ ಅಂತ ಬಾಯಿಬಿಟ್ಟ ಮರುದಿನದಿಂದ ನನ್ನನ್ನು ಚಹಾ ಕೊಡ್ಲಿಕ್ಕೆ ಹಾಕಿದ್ರು. ಚೆಲ್ಲಿದ್ರೆ ಎಲ್ಲರೆದುರು ಬೈತಿದ್ರು. ಕೈ ಮುರಿದ ಮೇಲೂ ನಾನು ಮೊದಲು ಲೋಟ ತಗೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟೆ. ಆಮೇಲೆ ಆಸ್ಪತ್ರೆಗೆ ಹೋದದ್ದು. ಸಕ್ಕರೆ ಇಲ್ಲದ ಚಹಾ.”

ಹಂಪಿಹೊಳಿಯವರು ಒರೆಸುತ್ತಿದ್ದ ಕನ್ನಡಕ ಕೈಯಲ್ಲೇ ಉಳಿಯಿತು. ಬೊಳ್ಳಮ್ಮನವರು ಪೆನ್ನಿನ ಮುಚ್ಚಳ ತೆಗೆದರು. ಅಷ್ಟು ಹೊತ್ತು ನಾನು ಹೇಳಿದ ಸಮುದ್ರ, ಹೊಳೆ, ಗುಡುಗು ಯಾವುದನ್ನೂ ಬರೆದುಕೊಳ್ಳದವರು ಸಕ್ಕರೆ ಇಲ್ಲದ ಚಹಾವನ್ನು ಬರೆದುಕೊಂಡರು. ಬರೆದು ಮುಗಿಸಿ ತಲೆ ಎತ್ತಿ ಕೇಳಿದರು.

“ಶೀತಲ ಕೋಣೆಯ ಕೀಲಿಕೈ ಯಾರ ಹತ್ತಿರ ಇದೆ?”

ನನ್ನ ಹತ್ತಿರ, ನನ್ನ ಸೊಂಟದಲ್ಲೇ ಇದೆ ಎನ್ನಲು ಬಾಯಿ ತೆರೆದೆ. ಹಿಂದಿನ ಸಾಲಿನಲ್ಲಿ ಜಲಜ ಕೆಮ್ಮಿದಳು.

“ಸಾಹೇಬರ ಹತ್ತಿರ,” ಎಂದೆ.